ವಿಪತ್ಕಾಲದ ರೂಪಕ: ಬಸವಣ್ಣನವರ ಒಂದು ವಚನ

ರೂಪಕವು ಕಾವ್ಯಕ್ಕೆ ಅಲಂಕಾರವೆಂಬುದು ಲಾಕ್ಷಣಿಕರ ಮತ. ವಿಪತ್ತಿನ ಕಾಲದಲ್ಲಿ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಬಂದೊದಗಿದ ಸ್ಥಿತಿಯನ್ನು ಎಲ್ಲರಿಗೂ ಒಮ್ಮೆಲೇ ತಿಳಿಸುವ ಸಾಧನವಾಗುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಒಲೆಯ ಉರಿಗೂ ಧರೆಯ ಉರಿಗೂ ಇರುವ ಭೇದವನ್ನು ಕಾಣಿಸಿದ ವಚನವೇ ಇದಕ್ಕೆ ನಿದರ್ಶನ.

ಒಲೆಯ ಬೆಂಕಿಗೆ ಎಲ್ಲೆಯುಂಟು; ಅದರಿಂದ ದೂರ ಸರಿಯಬಹುದು. ನಿಂತ ನೆಲವೇ ಉರಿದರೆ ಸರಿಯಲು ಎಡೆಯಿಲ್ಲ. ಸಾಮಾನ್ಯ ಕಷ್ಟಕ್ಕೂ ಮಹಾವಿಪತ್ತಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಫುಟವಾಗಿ ಹೇಳುವುದು ದುಸ್ಸಾಧ್ಯ. ಮುಂದೆ ನೀರನ್ನು ತಾನೇ ಕುಡಿಯುವ ಏರಿ, ಪೈರನ್ನು ತಾನೇ ತಿನ್ನುವ ಬೇಲಿ, ತನ್ನ ಮನೆಯಲ್ಲೇ ಕದಿಯುವ ಗೃಹಿಣಿ, ವಿಷವಾಗುವ ತಾಯಿಯ ಎದೆಹಾಲು ಬರುತ್ತವೆ. ಇವನ್ನು ಗಾದೆಗಳ ಸರಮಾಲೆಯೆಂದು ಓದಿದರೆ ಸಾಲದು. ನೆಲ, ಕೆರೆ, ಹೊಲ, ಮನೆ, ತಾಯಿ ಎಂಬ ಕ್ರಮದಲ್ಲಿ ಆಪತ್ತು ಹೊರಗಿನಿಂದ ಒಳಕ್ಕೆ ಬರುತ್ತದೆ. ಪ್ರತಿಯೊಂದು ಎಡೆಯಲ್ಲೂ ಕಾಯಬೇಕಾದುದೇ ಕೆಡಿಸುತ್ತದೆ.

ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕೆ ಬೇಕು. ಅಲ್ಲಿ ಅರ್ಥವನ್ನು ಮರೆಮಾಡುವುದೇ ಉದ್ದೇಶ. ಇಲ್ಲಿಯ ರೂಪಕಗಳು ಒಕ್ಕಲು ಮಕ್ಕಳಿಗೂ ಕೇಳಿದೊಡನೆ ತಿಳಿಯುವಂಥವು. ಯಾರ ಹೆಸರನ್ನೂ ಎತ್ತದ ಈ ವಚನವು ಕಾವಲು ಹೊತ್ತವರೆಲ್ಲರನ್ನೂ ಪ್ರಶ್ನಿಸುತ್ತದೆ. ರಾಜಭಂಡಾರದ ಬೇಲಿಯಾಗಿದ್ದ ಬಸವಣ್ಣನವರೂ ಆ ಪ್ರಶ್ನೆಗೆ ಹೊರತಲ್ಲ.

ದೂರನ್ನು ಯಾರಲ್ಲಿಗೆ ಒಯ್ಯಬೇಕೆಂಬ ಕೊನೆಯ ಪ್ರಶ್ನೆಯೂ ಕೂಡಲಸಂಗಮದೇವನ ಮುಂದೆಯೇ ಇಡಲ್ಪಟ್ಟಿದೆ. ಲೋಕದ ಕಾವಲುಗಳೆಲ್ಲ ಕೆಟ್ಟಾಗಲೂ ಕೇಳುವವನೊಬ್ಬನಿದ್ದಾನೆಂಬ ನಿಷ್ಠೆ ಅದರಲ್ಲಿದೆ. ಆಪತ್ತನ್ನು ಕಿರಿದುಮಾಡದೆ, ಭೀತಿಯನ್ನೂ ಬಿತ್ತದೆ ಶರಣರ ಮಾತು ನೇರವಾಗಿ ನಿಲ್ಲುವುದು ಈ ನಿಷ್ಠೆಯ ಬಲದಿಂದಲೇ.