ರಾಶಿ ಮುಗಿದ ಮೇಲೆ ಮರಿ

ಮಕ್ಕಳಿಗೆ ರಜೆ, ಮರಿಯ ಜೊತೆ ಆಡಲು ಬೇಕಾದಷ್ಟು ಹೊತ್ತು. ಹಾಗಾಗಿ ನಾಯಿಮರಿ ತರಲು ಏಪ್ರಿಲ್-ಮೇ ತಿಂಗಳೇ ಸರಿ ಎಂದು ಎಷ್ಟೋ ಮನೆಗಳಲ್ಲಿ ಲೆಕ್ಕ ಹಾಕುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗೆ ಈ ಲೆಕ್ಕ ಹೊಂದದು. ಬಿಸಿಲು 40 ಡಿಗ್ರಿ ದಾಟುವ ಆ ಎರಡು ತಿಂಗಳು ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೈತುಂಬ ಬೆವರುವ ಮನುಷ್ಯನೇ ಹೀಗೆ ನೆರಳು ಹುಡುಕುವಾಗ, ನಾಲಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕಾದ ಎಳೆಯ ಮರಿಯ ಪಾಡೇನು?

ಈ ಭಾಗಕ್ಕೆ ಒಪ್ಪುವ ಕಾಲ ಜನವರಿ ಕೊನೆ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ತೊಗರಿ ರಾಶಿ ಮನೆ ಸೇರಿದ ಮೇಲೆ.

ಮಳೆಗಾಲದ ಕೊನೆಗೆ ಬೆದೆಗೆ ಬಂದ ಊರ ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ನವೆಂಬರ್ ಕೊನೆಗೆ ಹುಟ್ಟಿದ ಮರಿಗೆ ಜನವರಿ ಕೊನೆಗೆ ಎಂಟು ವಾರ ತುಂಬುತ್ತದೆ. ಅದಕ್ಕೂ ಮೊದಲು ಮರಿ ಮಾರಕೂಡದೆಂದು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯಿಂದ, ಒಡಹುಟ್ಟಿದ ಮರಿಗಳಿಂದ. ನಾಲ್ಕೈದು ವಾರಕ್ಕೇ ಎತ್ತಿಕೊಂಡು ಬಂದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಹಾಗೆಂದು ಬಹಳ ತಡಮಾಡುವಂತೆಯೂ ಇಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದ ಪ್ರಕಾರ ಮರಿ ಮನುಷ್ಯರಿಗೆ ಸಲೀಸಾಗಿ ಒಗ್ಗಿಕೊಳ್ಳುವುದು ಮೂರರಿಂದ ಹನ್ನೆರಡು ವಾರದೊಳಗೆ.

ಹೊಲದ ಲೆಕ್ಕವೂ ಇದೆ. ಅಕ್ಟೋಬರ್-ನವೆಂಬರಿನಲ್ಲಿ ಹೂವು, ಕಾಯಿಗೆ ಬಂದ ತೊಗರಿಗೆ ಎಣ್ಣೆ ಹೊಡೆಯುವಾಗ ಡಬ್ಬಿ, ಪಂಪು ಅಂಗಳದಲ್ಲೇ ಬಿದ್ದಿರುತ್ತವೆ. ಕಂಡದ್ದನ್ನೆಲ್ಲ ನೆಕ್ಕುವ ಮರಿಗೆ ಅದು ಪ್ರಾಣಾಂತಿಕ. ಅದೇ ಹೊತ್ತಿಗೆ ದೀಪಾವಳಿಯ ಪಟಾಕಿ. ಡಿಸೆಂಬರಿನಲ್ಲಿ ಕೊಯ್ಲು, ಮನೆಮಂದಿಯೆಲ್ಲ ಹೊಲದಲ್ಲಿ. ಕೀಲಿ ಹಾಕಿದ ಮನೆಗೆ ಮರಿ ತರುವುದು ಅದಕ್ಕೆ ಮಾಡುವ ಅನ್ಯಾಯವೇ ಸರಿ.

ಎಲ್ಲಕ್ಕಿಂತ ದೊಡ್ಡ ಕಾರಣ ಪಾರ್ವೊ. 1978ರಲ್ಲಿ ಗುರುತಿಸಿದ ಈ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ರಕ್ತಭೇದಿಯಾಗಿ ಮರಿ ಎರಡು-ಮೂರು ದಿನಗಳಲ್ಲೇ ಸಾಯಬಹುದು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವವರೆಗೆ ಲಸಿಕೆ ಪೂರ್ತಿ ನಾಟುವುದಿಲ್ಲ. ಆ ಶಕ್ತಿ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೋ ತಿಳಿಯದು. ಅದಕ್ಕೇ ಒಂದೇ ಸೂಜಿ ಸಾಲದು, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಹಾಕಿಸಬೇಕು. ಜನವರಿ ಕೊನೆಗೆ ತಂದರೆ ಮೊದಲ ಸೂಜಿ ಆಗಲೇ, ಎರಡನೆಯದು ಫೆಬ್ರುವರಿ ಕೊನೆಗೆ. ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ. ಮಾರ್ಚ್ ಕೊನೆಗೆ ಮೂರನೆಯದೂ ಮುಗಿದು, ಬಿಸಿಲು ಏರುವ ಮೊದಲೇ ಮರಿ ಗಟ್ಟಿಯಾಗಿರುತ್ತದೆ. ಜನವರಿಯ ರಾತ್ರಿ ಚಳಿಗೆ ಒಂದು ಹಳೆಯ ಕೌದಿ ಸಾಕು.

2005ರಲ್ಲಿ ಅಂಚೆಚೀಟಿಯೇರಿದ ಮುಧೋಳ ನಾಯಿ ಬಯಸುವವರಿಗೆ ತಿಂಗಳು ಹೊಂದಿಸುವುದು ತುಸು ಕಷ್ಟ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮರಿ ಯಾವಾಗ ಸಿಗುತ್ತದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಆಗಲೂ ಬೇಸಿಗೆಯ ಮರಿ ಬೇಡ. ಜನವರಿ ಕೊನೆಗೂ ರಾಶಿ ಮುಗಿದಿಲ್ಲವೆಂದರೆ ಮರಿಯನ್ನು ತಾಯಿಯ ಬಳಿಯೇ ಇನ್ನೆರಡು ವಾರ ಬಿಟ್ಟು, ಮೊದಲ ಸೂಜಿಯನ್ನು ಅಲ್ಲಿಯೇ ಹಾಕಿಸಬಹುದು. ಹತ್ತು ವಾರದ ಮರಿಯೂ ಮನೆಗೆ ಚೆನ್ನಾಗಿಯೇ ಒಗ್ಗುತ್ತದೆ.