ಒಲೆಯಲ್ಲ, ಒಲೆಯ ಗೂಡು

ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ಮನೆಗಳಲ್ಲಿ ಮುಚ್ಚಿಹೋದ ಅಗ್ಗಿಷ್ಟಿಕೆಯನ್ನು ಬಿಡಿಸಿ, ಆ ಗೂಡಿನೊಳಗೆ ಎರಕದ ಕಬ್ಬಿಣದ ಸೌದೆ ಒಲೆ ಕೂರಿಸುತ್ತಾರೆ. ನೋಡುವವರ ಕಣ್ಣೆಲ್ಲ ಒಲೆಯ ಮೇಲೆ. ನನ್ನ ಮೆಚ್ಚುಗೆ ಗೂಡಿನ ಒಳಮೈ ಕಟ್ಟಿದವರಿಗೆ. ಮಾಮೂಲಿ ಜಿಪ್ಸಮ್ ಹಲಗೆ ಅಲ್ಲಿ ನಡೆಯದು. ಅದರ ಕಾಗದದ ಹೊದಿಕೆ ಕಾವಿಗೆ ಕಂದುತ್ತದೆ, ಮೇಲಿನ ಗಾರೆ ಬಿರಿಯುತ್ತದೆ. ಬಲ್ಲವರು ವರ್ಮಿಕ್ಯುಲೈಟ್ ಇಲ್ಲವೇ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಹೊದಿಸುತ್ತಾರೆ. ಹಳೆಯ ಇಟ್ಟಿಗೆಯನ್ನೇ ಉಜ್ಜಿ, ಸಂದಿಗೆ ಸುಣ್ಣದ ಗಾರೆ ತುಂಬುವವರೂ ಇದ್ದಾರೆ. ನನ್ನನ್ನು ಕೇಳಿದರೆ ಅದೇ ಚೆಂದ. ಆದರೆ ನಿಜವಾದ ಜಾಣ್ಮೆ ಇರುವುದು ಒಲೆಯ ಸುತ್ತ ಬಿಡುವ ಖಾಲಿ ಜಾಗದಲ್ಲಿ. ಬಿಗಿಯಾಗಿ ತುರುಕಿದರೆ ಗಾಳಿಯಾಡದೆ, ಕೋಣೆಗೆ ಬರಬೇಕಾದ ಕಾವನ್ನು ಗೋಡೆಯೇ ಕುಡಿಯುತ್ತದೆ. ಒಲೆಯ ಮುಂದಿನ ಜಾಗಕ್ಕೂ ಲೆಕ್ಕವಿದೆ: ಬಾಗಿಲು ಮುಚ್ಚಿ ಉರಿಸುವ ಒಲೆಯ ಮುಂದೆ ಕನಿಷ್ಠ 225 ಮಿಲಿಮೀಟರ್ ಕಲ್ಲುಹಾಸು ಚಾಚಿರಬೇಕು ಎನ್ನುತ್ತದೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಕೈಪಿಡಿ.