ಆಣೆಯಾದ ಅಂದಾಜು

ಸಣ್ಣ ಉದ್ಯಮಕ್ಕೆ ಸರ್ಕಾರದ ದುಡ್ಡು ಎಂದೊಡನೆ ಯಾವ ತಾಲೂಕಿನಲ್ಲಾದರೂ ಮೊದಲು ಕೇಳಿಬರುವ ಹೆಸರು ಪಿಎಂಇಜಿಪಿ. 2008ರಲ್ಲಿ ಎರಡು ಹಳೆಯ ಯೋಜನೆಗಳನ್ನು ಬೆಸೆದು ಮಾಡಿದ ಈ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಕೀರ್ತಿ ದೊಡ್ಡದು. ಸೈಬರ್ ಸೆಂಟರಿನ ಬಾಗಿಲಲ್ಲಿ ಅಂಟಿಸಿದ ಚೀಟಿಯೂ ಅದನ್ನೇ ಸಾರುತ್ತದೆ: 50 ಲಕ್ಷದವರೆಗೆ ಸಾಲ, ಶೇ 35 ಸಬ್ಸಿಡಿ. ಇದರ ನೆರಳಿನಲ್ಲೇ ಇನ್ನೊಂದು ಕೀರ್ತಿಯೂ ಬೆಳೆದಿದೆ, ಪ್ರಾಜೆಕ್ಟ್ ರಿಪೋರ್ಟಿನದು. ಅದನ್ನು ಬಲ್ಲವರಿಂದ ಬರೆಸಿಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು ಎಂಬ ನಂಬಿಕೆ. ಈ ಎರಡನೆಯ ಕೀರ್ತಿ ಪೊಳ್ಳು. ಮೊದಲನೆಯದೂ ಚೀಟಿ ಹೇಳುವಷ್ಟು ಗಟ್ಟಿಯಲ್ಲ.

ಪ್ರಾಜೆಕ್ಟ್ ರಿಪೋರ್ಟನ್ನು ಒಂದು ಗದ್ಯಪ್ರಕಾರವೆಂದೇ ಓದಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೇ ಹಪ್ಪಳ, ಹಿಟ್ಟಿನ ಗಿರಣಿ ಮುಂತಾದವಕ್ಕೆ ಮಾದರಿ ವರದಿಗಳನ್ನು ಒದಗಿಸಿದೆ. ಹೆಸರು, ಊರು, ಕೊಟೇಶನ್ ಬದಲಾಯಿಸಿದರೆ ಹೊಸ ಕೃತಿ ಸಿದ್ಧ. ಅಡಿಕೆ ಹಾಳೆಯ ತಟ್ಟೆಯಾಗಲಿ ಸಿಮೆಂಟ್ ಇಟ್ಟಿಗೆಯಾಗಲಿ, ಯಂತ್ರ ಮೊದಲ ವರ್ಷ ಶೇ 60, ಎರಡನೇ ವರ್ಷ 70, ಮೂರನೇ ವರ್ಷ 80ರಷ್ಟು ಓಡುತ್ತದೆ. ಕರೆಂಟ್ ಹೋಗುವುದಿಲ್ಲ, ಮಳೆಗಾಲ ಬರುವುದಿಲ್ಲ, ಉದ್ರಿ ಹೇಳುವ ಗಿರಾಕಿ ಹುಟ್ಟಿಯೇ ಇಲ್ಲ. ಪುರಾಣದಲ್ಲೂ ಇಷ್ಟು ಸುಭಿಕ್ಷ ಇರಲಿಲ್ಲ.

ಯೋಜನೆಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ ಎಂಬ ನಿಯಮವಿರುವುದರಿಂದ ಕಟ್ಟುಕತೆ ಎಷ್ಟೋ ಸಲ ಮೊದಲ ವಾಕ್ಯದಲ್ಲೇ ಶುರುವಾಗುತ್ತದೆ. ಹತ್ತು ವರ್ಷದಿಂದ ರೊಟ್ಟಿ ಬಡಿದು ಮಾರುತ್ತಿರುವ ಹೆಣ್ಣುಮಗಳು ‘ರೊಟ್ಟಿ ತಯಾರಿಕಾ ಘಟಕ ಪ್ರಾರಂಭಿಸಲು ಉದ್ದೇಶಿಸಿರುವ’ ಅರ್ಜಿದಾರಳಾಗಬೇಕು. ಅವಳ ಹತ್ತು ವರ್ಷದ ಅನುಭವವೇ ಕಾಗದದಲ್ಲಿ ಅವಳಿಗೆ ಅಡ್ಡಿ.

ಇನ್ನು ಆ ಶೇ 35. ನಿಯಮಾವಳಿ ಅದನ್ನು ಕರೆಯುವುದು ‘ಮಾರ್ಜಿನ್ ಮನಿ’ ಎಂದು. ಕನ್ನಡದಲ್ಲಿ ಅದು ಸಹಾಯಧನ, ಕೆಲವೊಮ್ಮೆ ಅನುದಾನವೂ ಆಗಿಬಿಡುತ್ತದೆ. ಅನುವಾದದ ಈ ಜಾರುವಿಕೆ ಸಣ್ಣದಲ್ಲ. ಬ್ಯಾಂಕಿನವರ ಬಾಯಲ್ಲಿ ಮಾರ್ಜಿನ್ ಎಂದರೆ ಸಾಲಗಾರ ತಾನೇ ಹಾಕುವ ಪಾಲು. ಗ್ರಾಮೀಣ ಮಹಿಳೆಯಾದ ಆ ರೊಟ್ಟಿಯವಳ ಯೋಜನೆ 10 ಲಕ್ಷದ್ದು ಎನ್ನಿ. ಅವಳ ಪಾಲು ಶೇ 5, ಅಂದರೆ 50 ಸಾವಿರ. ಬ್ಯಾಂಕು ಒಂಬತ್ತೂವರೆ ಲಕ್ಷ ಕೊಡುತ್ತದೆ. ಸರ್ಕಾರದ ಮೂರೂವರೆ ಲಕ್ಷ ಅವಳ ಕೈಗೆ ಬರುವುದಿಲ್ಲ. ಅದು ಅದೇ ಬ್ಯಾಂಕಿನಲ್ಲಿ ಅವಳ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಠೇವಣಿಗೂ ಬಡ್ಡಿಯಿಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿಯಿಲ್ಲ. ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆಯಾದ ಮೇಲಷ್ಟೇ ಸಾಲಕ್ಕೆ ಜಮೆ. ವ್ಯವಸ್ಥೆ ಕೆಟ್ಟದ್ದೇನಲ್ಲ, ಆದರೆ ಅದನ್ನು ‘ಉಚಿತ ಹಣ’ ಎಂದು ಮಾರುವವರು ಅರ್ಜಿದಾರರಿಗೆ ಹೇಳಬೇಕಾದ್ದನ್ನೇ ಮುಚ್ಚಿಡುತ್ತಾರೆ.

ಮುಚ್ಚಿಟ್ಟ ಇನ್ನೊಂದು ಸಾಲಿದೆ. ಚರ್ಚೆಗಳಲ್ಲಿ ಅದರ ಹೆಸರೇ ಬರುವುದಿಲ್ಲ, ಯೋಜನೆಯ ನಿಜವಾದ ಸ್ವಭಾವ ತಿಳಿಯುವುದೋ ಅಲ್ಲೇ. ದುಡಿಯುವ ಬಂಡವಾಳಕ್ಕೆ ಕೊಟ್ಟ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಆ ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ನೂರಕ್ಕೆ ನೂರು ಮುಟ್ಟಬೇಕು, ಬಳಕೆ ಶೇ 75ಕ್ಕಿಂತ ಇಳಿಯಬಾರದು. ಇಲ್ಲವಾದರೆ ಅದಕ್ಕೆ ತಕ್ಕಷ್ಟು ಮಾರ್ಜಿನ್ ಮನಿ ವಾಪಸು.

ಈ ಸಾಲನ್ನು ಎರಡು ಸಲ ಓದಬೇಕು. ರೊಟ್ಟಿಯವಳ 10 ಲಕ್ಷದಲ್ಲಿ 4 ಲಕ್ಷ ದುಡಿಯುವ ಬಂಡವಾಳವೆಂದು ವರದಿ ಹೇಳಿತ್ತು ಎನ್ನೋಣ. ಆ 4 ಲಕ್ಷ ಅವಳ ಲೆಕ್ಕವಲ್ಲ, ವರದಿ ಬರೆದವನ ಲೆಕ್ಕ. ಮೊತ್ತ ಹಿಗ್ಗಿದಷ್ಟೂ ಸಬ್ಸಿಡಿ ಹಿಗ್ಗುತ್ತದಲ್ಲ! ಅವಳೋ ಸುಗ್ಗಿಯಲ್ಲಿ ಜೋಳವನ್ನು ಪರಿಚಯದ ಅಂಗಡಿಯಿಂದ ಉದ್ರಿ ತಂದು, ಬಂದ ರೊಕ್ಕದಲ್ಲೇ ತೀರಿಸಿ, ಬ್ಯಾಂಕಿನ ಎರಡು ಲಕ್ಷವನ್ನೂ ದಾಟದೆ ವ್ಯಾಪಾರ ನಡೆಸುತ್ತಾಳೆ. ಊರು ಅವಳನ್ನು ಜಾಣೆ ಎನ್ನುತ್ತದೆ. ನಿಯಮ ಅವಳಿಂದ ಸಬ್ಸಿಡಿಯ ಪಾಲು ಕಿತ್ತುಕೊಳ್ಳುತ್ತದೆ. ಪಕ್ಕದೂರಿನವನು ಬೇಕಿರಲಿ ಬೇಡದಿರಲಿ ಲಿಮಿಟ್ ಪೂರ್ತಿ ಎತ್ತಿ ಬಡ್ಡಿ ಕಟ್ಟುತ್ತಿದ್ದರೆ ಅವನ ಪಾಲು ಭದ್ರ. ಮೊದಲ ದಿನ ಯಾರೋ ಬರೆದ ಅಂದಾಜು ಮೂರು ವರ್ಷ ಅವಳ ಮೇಲೆ ಆಣೆಯಾಗಿ ಕೂರುತ್ತದೆ.

ನಿಯಮಕ್ಕೆ ಸಮರ್ಥನೆ ಇಲ್ಲವೆಂದಲ್ಲ. ಬಂಡವಾಳ ಉಬ್ಬಿಸಿ ಬರೆದು ಸಬ್ಸಿಡಿ ಹೊಡೆಯುವವರಿಗೆ ಕಡಿವಾಣ ಬೇಕೇ ಬೇಕು. ಆದರೆ ಉಬ್ಬಿಸಿದವನು ತನ್ನ ಫೀ ತೆಗೆದುಕೊಂಡು ಆಗಲೇ ಮುಂದಿನ ಅರ್ಜಿಯ ಹೆಸರು ಬದಲಾಯಿಸುತ್ತಿರುತ್ತಾನೆ.

ಈ ವಿಷಯದಲ್ಲಿ ಬರೆಯುವ, ಭಾಷಣ ಮಾಡುವ ಒಂದು ಬಳಗವಿದೆ. ಎಲ್ಲ ವೈಫಲ್ಯಕ್ಕೂ ಅದರ ಬಳಿ ಒಂದೇ ಮದ್ದು, ‘ಅರಿವಿನ ಕೊರತೆ’. ಅರಿವು ಮೂಡಿಸುವ ಕಾರ್ಯಾಗಾರ, ಬ್ಯಾನರು, ಊಟ. ಸಬ್ಸಿಡಿ ಜನರನ್ನು ಸೋಮಾರಿಗಳಾಗಿಸುತ್ತದೆ ಎನ್ನುವ ಇನ್ನೊಂದು ಬಳಗಕ್ಕೆ, ಆ ಹಣ ಕೈಗೇ ಸಿಗುವುದಿಲ್ಲವೆಂಬುದು ಗೊತ್ತಿದ್ದಂತಿಲ್ಲ. ಆ ಎರಡನೆಯವರನ್ನು ಬಿಡಿ. ಹೆಚ್ಚು ಕೇಡು ಮೊದಲಿನವರಿಂದ. ಮುದ್ರಾ, ಉದ್ಯೋಗಿನಿ, ಪಿಎಂಇಜಿಪಿಗಳನ್ನು ಒಂದೇ ಪಟ್ಟಿಯಲ್ಲಿ ಹಾಕಿ ಹಂಚುವವರು ಅವರೇ. 2015ರ ಮುದ್ರಾ ಬರೀ ಸಾಲ, ಅದರಲ್ಲಿ ಸಬ್ಸಿಡಿಯ ಮಾತೇ ಇಲ್ಲ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ ಸಬ್ಸಿಡಿ ಇದೆ, ಅದಕ್ಕೆ ಆದಾಯದ ಮಿತಿಯೂ ಇದೆ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತವಾಗಿದ್ದರೂ ಅದಕ್ಕೆ ದುಡ್ಡು ತೆತ್ತು ಬರುವವರಿದ್ದಾರೆ. ಬ್ಯಾಂಕ್ ಮ್ಯಾನೇಜರ್ ಮೇಜಿನ ಮೇಲೆ ಕಡತ ತಿಂಗಳುಗಟ್ಟಲೆ ಮಲಗಿದ್ದಾಗ ಕೊರತೆಯಾಗಿರುವುದು ಯಾರ ಅರಿವು?

ಸದ್ದಿಲ್ಲದ ಇನ್ನೊಂದು ಯೋಜನೆ ಇದಕ್ಕಿಂತ ಚೆನ್ನಾಗಿ ಯೋಚಿಸಿದ್ದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರ ಜೂನ್‌ನಲ್ಲಿ ಬಂದ ಪಿಎಂಎಫ್‌ಎಂಇ. ಯೋಜನೆ ಶೇ 35ರಂತೆ ಗರಿಷ್ಠ 10 ಲಕ್ಷ ಕೊಟ್ಟರೆ ಕರ್ನಾಟಕ ತನ್ನ ಶೇ 15 ಸೇರಿಸಿ ಅದನ್ನು ಅರ್ಧಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿತು. ಇಲ್ಲೂ ಮೂರು ವರ್ಷದ ಕಾಯುವಿಕೆ ಇದೆ, ಕೊನೆಯ ಮಾತು ಇಲ್ಲೂ ಬ್ಯಾಂಕಿನದೇ. ವ್ಯತ್ಯಾಸವಿರುವುದು ಅರ್ಜಿ ಬರೆಯಲು ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಯಲ್ಲಿ. ಅವರಿಗೆ ಕೂಲಿ ಕೊಡುವುದು ಸರ್ಕಾರ, ಅರ್ಜಿದಾರಳಲ್ಲ. ಅದೂ ವರದಿ ಬರೆದಿದ್ದಕ್ಕಲ್ಲ. ಸಾಲ ಮಂಜೂರಾದ ಮೇಲೆ ಅರ್ಧ, ಘಟಕಕ್ಕೆ ಬೇಕಾದ ನೋಂದಣಿಗಳಾದ ಮೇಲೆ ಉಳಿದರ್ಧ. ಹಾಗಾಗಿ ಬ್ಯಾಂಕು ನಂಬದ ಅಂಕಿ ಬರೆದರೆ ಬರೆದವರಿಗೂ ನಷ್ಟ.

ಮಂಡ್ಯದ ಬೆಲ್ಲ, ಕೊಡಗಿನ ಕಾಫಿ, ತುಮಕೂರಿನ ತೆಂಗು ಎಂದು ಜಿಲ್ಲೆಗೊಂದು ಉತ್ಪನ್ನ ಹಂಚಿದ್ದಷ್ಟೇ ಈ ಯೋಜನೆಯ ಬಗ್ಗೆ ಸುದ್ದಿಯಾಯಿತು. ಈಗಾಗಲೇ ನಡೆಯುತ್ತಿರುವ ಘಟಕಗಳಿಗೂ ಇಲ್ಲಿ ಬಾಗಿಲು ತೆರೆದಿದೆ ಎಂಬುದು ಸುದ್ದಿಯಾಗಲಿಲ್ಲ. ರೊಟ್ಟಿಯವಳು ಇಲ್ಲಿ ‘ಪ್ರಾರಂಭಿಸಲು ಉದ್ದೇಶಿಸಿರುವ’ ಎಂದು ಬರೆಸಬೇಕಿಲ್ಲ. ಹತ್ತು ವರ್ಷ ಎಷ್ಟು ರೊಟ್ಟಿ ಹೋಯಿತು, ಯಾರ ಬಾಕಿ ಎಷ್ಟು ಎಂದು ಬರೆದಿಟ್ಟ, ಹಿಟ್ಟು ಮೆತ್ತಿದ ಅವಳ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟೇ ಮಾತು ಶುರುಮಾಡಬಹುದು.